ರುಡಾಲ್ಫ್ ಡೀಸೆಲ್: ಹದಕ್ಕೆ ಬರೋ ಮೊದಲೇ ಬಿದ್ದ ಲೋಡು

ಥರ್ಮೋಡೈನಮಿಕ್ಸ್ ಪೇಪರ್‌ನಲ್ಲಿ ಡೀಸೆಲ್ ಸೈಕಲ್ ಬಂದೇ ಬರುತ್ತೆ. ಪಿ-ವಿ ಡಯಾಗ್ರಾಂ ಬರೀತೀವಿ, ಕಟ್-ಆಫ್ ರೇಷಿಯೋ ಹಾಕ್ತೀವಿ, ಎಫಿಷಿಯನ್ಸಿ ಫಾರ್ಮುಲಾ ಡಿರೈವ್ ಮಾಡ್ತೀವಿ, ಕೆಳಗೊಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಒಟ್ಟೋ, ಕಾರ್ನೋ, ರ್‍ಯಾಂಕಿನ್ ಇವೆಲ್ಲ ಮನುಷ್ಯರ ಹೆಸರು ಅಂತ ನಮಗೆ ಗೊತ್ತು. ಡೀಸೆಲ್ ಮಾತ್ರ ಬಂಕ್‌ನಲ್ಲಿ ಲೀಟರ್ ಲೆಕ್ಕದಲ್ಲಿ ಸಿಗೋ ವಸ್ತು ಆಗಿಬಿಟ್ಟಿದೆ. ಆ ಹೆಸರಿನ ಮನುಷ್ಯ ಒಬ್ಬರಿದ್ದರು, ಅವರೂ ನಮ್ಮ ಹಾಗೆ ಲೆಕ್ಚರ್ ಹಾಲ್‌ನಲ್ಲಿ ಕೂತು ನೋಟ್ಸ್ ಬರ್ಕೊಂಡಿದ್ದರು, ಐವತ್ತೈದನೇ ವಯಸ್ಸಿಗೆ ಒಂದು ರಾತ್ರಿ ಹಡಗಿನಿಂದ ಕಾಣೆಯಾದರು ಅನ್ನೋದು ನಮ್ಮ ಸಿಲಬಸ್‌ನಲ್ಲಿ ಇಲ್ಲ.

ಆ ಡಯಾಗ್ರಾಂನ ಮೇಲ್ಭಾಗದಲ್ಲಿ ಒಂದು ಅಡ್ಡಗೆರೆ ಇರುತ್ತಲ್ಲ, ಒತ್ತಡ ಬದಲಾಗದೆ ಶಾಖ ಸೇರೋ ಗೆರೆ, ಅದು ಡೀಸೆಲ್ ಮೊದಲು ಅಂದುಕೊಂಡಿದ್ದ ಗೆರೆಯೇ ಅಲ್ಲ. ಯಂತ್ರದ ಜೊತೆ ವರ್ಷಗಟ್ಟಲೆ ಗುದ್ದಾಡಿ ಆಮೇಲೆ ಒಪ್ಪಿಕೊಂಡ ಗೆರೆ ಅದು. ಆ ಗುದ್ದಾಟದ ಕಥೆ ಓದಿದ ಮೇಲೆ ನನಗೆ ಡೀಸೆಲ್ ಸೈಕಲ್ ಬರೀ ಹತ್ತು ಮಾರ್ಕಿನ ಪ್ರಶ್ನೆಯಾಗಿ ಉಳಿದಿಲ್ಲ. ಅದಕ್ಕೇ ಈ ಬರಹ.

ಬುಕ್ ಬೈಂಡರ್ ಮಗ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಥಿಯೋಡೋರ್ ಜರ್ಮನಿಯ ಆಗ್ಸ್‌ಬರ್ಗ್‌ನಿಂದ ಬದುಕು ಹುಡುಕಿಕೊಂಡು ಬಂದ ಬುಕ್ ಬೈಂಡರ್. ಅಮ್ಮ ಎಲಿಸ್. ಅಪ್ಪ ಚರ್ಮದ ಸಾಮಾನು ಮಾಡಿ ಮಾರುತ್ತಿದ್ದರು. ಮನೆಯಲ್ಲಿ ದುಡ್ಡು ಅಷ್ಟಕ್ಕಷ್ಟೆ. ಹುಡುಗನಿಗೆ ಪ್ಯಾರಿಸ್‌ನ ಯಂತ್ರಗಳ ಮ್ಯೂಸಿಯಂ ಅಂದ್ರೆ ಪ್ರಾಣ. ಅಲ್ಲಿನ ಹಳೇ ಯಂತ್ರಗಳ ಮುಂದೆ ನಿಂತು ಅವುಗಳ ಚಿತ್ರ ಬರೀತಾ ಹೊತ್ತು ಕಳೀತಿದ್ದ.

1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಾಕ್ಕೂ ಯುದ್ಧ ಶುರುವಾಯ್ತು. ಪ್ಯಾರಿಸ್‌ನಲ್ಲಿದ್ದ ಜರ್ಮನ್ ಮನೆಗಳವರೆಲ್ಲ ಊರು ಬಿಡಬೇಕಾಯ್ತು. ಡೀಸೆಲ್ ಕುಟುಂಬ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಲಂಡನ್‌ಗೆ ಹೋಯ್ತು. ಅಲ್ಲಿ ಎಲ್ಲರ ಹೊಟ್ಟೆ ತುಂಬೋದು ಕಷ್ಟ ಅಂತ ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಒಬ್ಬನೇ ಆಗ್ಸ್‌ಬರ್ಗ್‌ನ ಸಂಬಂಧಿಕರ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಕ್ರಿಸ್ಟೋಫ್ ಬಾರ್ನಿಕೆಲ್, ಅಲ್ಲಿನ ತಾಂತ್ರಿಕ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಹುಡುಗ ಅದೇ ಶಾಲೆಗೆ ಸೇರಿದ. ಹದಿನಾಲ್ಕನೇ ವಯಸ್ಸಿಗೆ ತಾನು ಎಂಜಿನಿಯರ್ ಆಗ್ತೀನಿ ಅಂತ ಅಪ್ಪ ಅಮ್ಮನಿಗೆ ಕಾಗದ ಬರೆದ. 1873ರಲ್ಲಿ ಕ್ಲಾಸಿಗೇ ಫಸ್ಟ್ ಬಂದ.

1875ರಲ್ಲಿ ಮ್ಯೂನಿಕ್ ಪಾಲಿಟೆಕ್ನಿಕ್‌ನಲ್ಲಿ ಸ್ಕಾಲರ್‌ಶಿಪ್ ಸಮೇತ ಸೀಟ್ ಸಿಕ್ತು. ಮನೆಯವರಿಗೆ ಅದು ಇಷ್ಟ ಇರಲಿಲ್ಲ. ಮಗ ಓದಿದ್ದು ಸಾಕು, ಇನ್ನು ದುಡಿದು ತರಲಿ ಅನ್ನೋದು ಅವರ ಲೆಕ್ಕ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಡಿಪ್ಲೊಮಾ ಆದ ಮೇಲೆ ಇದೇ ಮಾತು ನಡೆಯುತ್ತೆ. ಹುಡುಗ ಹಠ ಹಿಡಿದು ಸೇರಿಕೊಂಡ.

ನೋಟ್‌ಬುಕ್ಕಿನ ಅಂಚಿನಲ್ಲಿ ಹುಟ್ಟಿದ ಐಡಿಯಾ

ಮ್ಯೂನಿಕ್‌ನಲ್ಲಿ ಡೀಸೆಲ್‌ಗೆ ಸಿಕ್ಕ ಮೇಷ್ಟ್ರು ಕಾರ್ಲ್ ವಾನ್ ಲಿಂಡೆ, ರೆಫ್ರಿಜರೇಷನ್ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ. 1878ರ ಸುಮಾರಿಗೆ ಒಂದು ಕ್ಲಾಸಿನಲ್ಲಿ ಲಿಂಡೆ ಸ್ಟೀಮ್ ಎಂಜಿನ್ ಬಗ್ಗೆ ಪಾಠ ಮಾಡ್ತಿದ್ದರು. ಕಲ್ಲಿದ್ದಲಿನಲ್ಲಿರೋ ಶಾಖದಲ್ಲಿ ಸ್ಟೀಮ್ ಎಂಜಿನ್ ಕೆಲಸಕ್ಕೆ ಹಚ್ಚೋದು ನೂರಕ್ಕೆ ಆರರಿಂದ ಹತ್ತು ಭಾಗ ಅಷ್ಟೇ, ಉಳಿದಿದ್ದೆಲ್ಲ ವ್ಯರ್ಥ. ಕಾರ್ನೋ ಸೈಕಲ್ ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ಕೊಡಬಲ್ಲದು. ಡೀಸೆಲ್ ತನ್ನ ನೋಟ್ಸಿನ ಅಂಚಿನಲ್ಲಿ, ಇದನ್ನು ನಿಜವಾದ ಯಂತ್ರದಲ್ಲಿ ಮಾಡೋಕಾಗುತ್ತಾ ನೋಡಬೇಕು ಅನ್ನೋ ಅರ್ಥದ ಒಂದು ಟಿಪ್ಪಣಿ ಬರ್ಕೊಂಡರು. ಮುಂದಿನ ಹದಿನೈದು ವರ್ಷ ಆ ಟಿಪ್ಪಣಿ ಅವರನ್ನು ಬಿಡಲಿಲ್ಲ.

ಫೈನಲ್ ಪರೀಕ್ಷೆ ಹೊತ್ತಿಗೆ ಟೈಫಾಯಿಡ್ ಬಂತು. ಪರೀಕ್ಷೆ ತಪ್ಪಿತು. ಕಾಯೋ ಹೊತ್ತಿನಲ್ಲಿ ಸ್ವಿಟ್ಜರ್ಲೆಂಡ್‌ನ ಸುಲ್ಜರ್ ಕಾರ್ಖಾನೆಗೆ ಹೋಗಿ ಕೈಯಾರೆ ಕೆಲಸ ಕಲಿತರು. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕ ತಗೊಂಡರು. ಲಿಂಡೆಯವರೇ ಕೆಲಸ ಕೊಟ್ಟರು. ಪ್ಯಾರಿಸ್‌ನಲ್ಲಿ ಐಸ್ ಫ್ಯಾಕ್ಟರಿ ಕಟ್ಟೋದು, ಆಮೇಲೆ ನಡೆಸೋದು. 1883ರಲ್ಲಿ ಮಾರ್ಥಾ ಫ್ಲಾಶೆ ಅವರ ಜೊತೆ ಮದುವೆ ಆಯ್ತು, ಮೂರು ಮಕ್ಕಳಾದರು.

ಹಗಲು ಐಸ್ ಕೆಲಸ, ಉಳಿದ ಹೊತ್ತು ತನ್ನ ಎಂಜಿನ್ನಿನ ಕೆಲಸ. ಮೊದಲು ನೀರಿನ ಆವಿ ಬದಲು ಅಮೋನಿಯಾ ಆವಿಯಲ್ಲಿ ಓಡೋ ಎಂಜಿನ್ ಮಾಡೋಕೆ ಹೊರಟು ವರ್ಷಗಟ್ಟಲೆ ಕಳೆದರು, ಅದು ಕೈಗೂಡಲಿಲ್ಲ. 1890ರಲ್ಲಿ ಸಂಸಾರ ಸಮೇತ ಬರ್ಲಿನ್‌ಗೆ ಹೋದರು. ಅಲ್ಲಿ ಕೊನೆಗೆ ಹೊಳೆದದ್ದು ಕೇಳೋಕೆ ಬಹಳ ಸರಳ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗೋದನ್ನು ನಾವೆಲ್ಲ ನೋಡಿದ್ದೀವಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತೆ. ಇನ್ನೂ ಜೋರಾಗಿ ಒತ್ತಿದರೆ ಅದರೊಳಕ್ಕೆ ಬಿಟ್ಟ ಇಂಧನ ತಾನಾಗೇ ಹತ್ತಿಕೊಳ್ಳುತ್ತೆ. ಸ್ಪಾರ್ಕ್ ಬೇಡ, ಬಾಯ್ಲರ್ ಬೇಡ. 1892ರ ಫೆಬ್ರವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1893ರಲ್ಲಿ ಅದು ಕೈಸೇರಿತು. ಅದೇ ವರ್ಷ ಪುಸ್ತಕವನ್ನೂ ಪ್ರಕಟಿಸಿದರು.

ಕಾಗದದ ಮೇಲಿನ ಲೆಕ್ಕ ಮಾತ್ರ ಬಹಳ ದೊಡ್ಡದಿತ್ತು. ಸಿಲಿಂಡರ್ ಒಳಗೆ 250 ಅಟ್ಮಾಸ್ಫಿಯರ್ ಒತ್ತಡ, ಇಂಧನವಾಗಿ ಕಲ್ಲಿದ್ದಲ ಪುಡಿ, ಉರಿಯುವಾಗ ಉಷ್ಣತೆ ಏರಬಾರದು, ಕೂಲಿಂಗ್ ಬೇಕಾಗೋದೇ ಇಲ್ಲ. ಆಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ವಾನ್ ಬುಜ್ ಮೊದಲ ಸಲ ಆಗಲ್ಲ ಅಂದುಬಿಟ್ಟರು. ಡೀಸೆಲ್ ಒತ್ತಡವನ್ನು ಬಹಳ ಇಳಿಸಿ ಮತ್ತೆ ಲೆಕ್ಕ ಹಾಕಿ ಕಳಿಸಿದ ಮೇಲೆ ಒಪ್ಪಿದರು. ಕ್ರುಪ್ ಕಂಪನಿಯೂ ಜೊತೆಗೂಡಿತು.

ಒಂದು ನಿಮಿಷ ಓಡಿದ ಎಂಜಿನ್

1893ರ ಬೇಸಿಗೆಗೆ ಆಗ್ಸ್‌ಬರ್ಗ್‌ನಲ್ಲಿ ಮೊದಲ ಎಂಜಿನ್ ನಿಂತಿತು. ಹತ್ತು ಅಡಿ ಎತ್ತರದ ಕಬ್ಬಿಣದ ಕಂಬ ಅಂತ ಕಲ್ಪಿಸಿಕೊಳ್ಳಿ. ಒಂದೇ ಸಿಲಿಂಡರ್, ಬೋರ್ 150 ಮಿಲಿಮೀಟರ್, ಸ್ಟ್ರೋಕ್ 400 ಮಿಲಿಮೀಟರ್. ಮೊದಲು ಇಂಧನ ಹಾಕದೆ, ಕಾರ್ಖಾನೆಯ ಶಾಫ್ಟ್‌ನಿಂದ ಬೆಲ್ಟ್ ಕೊಟ್ಟು ಬರೀ ತಿರುಗಿಸಿ ನೋಡಿದರು. ಲೆಕ್ಕದಷ್ಟು ಒತ್ತಡ ಏರಲೇ ಇಲ್ಲ. ಪಿಸ್ಟನ್ ಸುತ್ತಲಿಂದ ಗಾಳಿ ಸೋರ್ತಿತ್ತು. ಅದನ್ನು ಮತ್ತೆ ಮತ್ತೆ ಸರಿಮಾಡಿ ಸೋರಿಕೆಯನ್ನು ಒಂದು ಹದಕ್ಕೆ ತಂದು, ಆಗಸ್ಟ್ 10ರಂದು ಇಂಧನ ಬಿಟ್ಟರು. ಒಳಗೆ ಬೆಂಕಿ ಹತ್ತಿತು. ಒತ್ತಡ ಎಷ್ಟು ಜೋರಾಗಿ ಏರಿತು ಅಂದ್ರೆ ಒತ್ತಡ ಅಳೆಯೋ ಇಂಡಿಕೇಟರೇ ಸಿಡಿದು ಹಾರಿತು. ಎಂಜಿನ್ ಓಡಲಿಲ್ಲ. ಆದರೂ ಒತ್ತಿದ ಗಾಳಿಯಿಂದಲೇ ಇಂಧನ ಹತ್ತಿಕೊಳ್ಳುತ್ತೆ ಅನ್ನೋದು ಅವತ್ತು ರುಜುವಾತಾಯ್ತು.

ಐದು ತಿಂಗಳು ಬಿಚ್ಚಿ ಬದಲಾಯಿಸಿ ಮತ್ತೆ ಕಟ್ಟಿದರು. 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಬಲದಲ್ಲಿ 88 ಸುತ್ತು ತಿರುಗಿತು, ಅಂದ್ರೆ ಸುಮಾರು ಒಂದು ನಿಮಿಷ. ಅಲ್ಲಿಯವರೆಗೆ ಬೆಲ್ಟು ಎಂಜಿನ್ನನ್ನು ಎಳೀತಿತ್ತು, ಆ ಹೊತ್ತಿಗೆ ಎಂಜಿನ್ನೇ ಬೆಲ್ಟನ್ನು ಎಳೆಯೋಕೆ ಶುರುಮಾಡಿತು. ಅದನ್ನು ಮೊದಲು ಗಮನಿಸಿದ್ದು ಲಿಂಡರ್ ಅನ್ನೋ ಮೆಕ್ಯಾನಿಕ್.

ಒಂದು ನಿಮಿಷ ಓಡಿದ್ದು ಮಾರೋ ಹಂತಕ್ಕೆ ಬರೋಕೆ ಇನ್ನೂ ಮೂರು ವರ್ಷ ಹಿಡೀತು. ಕಲ್ಲಿದ್ದಲ ಪುಡಿ ಬಿಟ್ಟರು, ದ್ರವ ಇಂಧನಕ್ಕೆ ಬಂದರು. ಕೂಲಿಂಗ್ ಬೇಡ ಅನ್ನೋದನ್ನು ಬಿಟ್ಟರು, ಸಿಲಿಂಡರ್ ಸುತ್ತ ನೀರು ಹರಿಸಿದರು. ಉಷ್ಣತೆ ಏರಬಾರದು ಅನ್ನೋ ಮೂಲ ಥಿಯರಿಯನ್ನೇ ಬಿಟ್ಟು, ಒತ್ತಡ ಹೆಚ್ಚುಕಮ್ಮಿ ಒಂದೇ ಸಮ ಇರೋ ಹಾಗೆ ಉರಿಸೋದಕ್ಕೆ ಒಪ್ಪಿದರು. ನಮ್ಮ ಡಯಾಗ್ರಾಂನ ಅಡ್ಡಗೆರೆ ಬಂದಿದ್ದು ಹೀಗೆ. ಕೈಯಲ್ಲಿ ಪೇಟೆಂಟ್ ಇದ್ದ, ಪುಸ್ತಕ ಬರೆದು ಮುಗಿಸಿದ್ದ ಮನುಷ್ಯ ಯಂತ್ರ ಹೇಳಿದ್ದನ್ನು ಕೇಳಿ ತನ್ನ ಲೆಕ್ಕ ತಿದ್ದಿಕೊಂಡರಲ್ಲ, ನನಗೆ ಅವರಲ್ಲಿ ತುಂಬಾ ಇಷ್ಟವಾಗೋ ವಿಷಯ ಅದು.

ಇಷ್ಟಕ್ಕೆಲ್ಲ ಯಾಕೆ ನಾಲ್ಕು ವರ್ಷ ಬೇಕು, ಗಾಳಿ ಸೋರೋದು ಯಾಕೆ ಅಷ್ಟು ದೊಡ್ಡ ತಲೆನೋವು ಅಂತ ಪುಸ್ತಕ ಓದಿದಾಗ ಪೂರ್ತಿ ಅರ್ಥ ಆಗಿರಲಿಲ್ಲ. ಕಳೆದ ಸೆಮ್ ರಜೆಯಲ್ಲಿ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೆ ಹೋದಾಗ ಅರ್ಥ ಆಯ್ತು.

ಅಕ್ಕಿಹೆಬ್ಬಾಳಿನ ಪಿಕಪ್

ಅಕ್ಕಿಹೆಬ್ಬಾಳು ಹೇಮಾವತಿ ಕಡೆಯ ಊರು. ಮೈಸೂರು–ಹಾಸನ–ಅರಸೀಕೆರೆ ರೈಲು ಹಾದಿಯಲ್ಲಿ ಅದರ ಹೆಸರಿನ ಸ್ಟೇಷನ್ ಇದೆ. ಸುತ್ತ ಭತ್ತ, ಕಬ್ಬು, ತೆಂಗು. ಅಲ್ಲಿ ನನ್ನ ಸೋದರಮಾವ ಒಂದು ಪಿಕಪ್ ಇಟ್ಕೊಂಡಿದ್ದಾರೆ. ಎಳನೀರು, ಬೆಲ್ಲ, ತರಕಾರಿ, ಗೊಬ್ಬರದ ಮೂಟೆ, ಯಾವ ಬಾಡಿಗೆ ಸಿಕ್ಕರೂ ಸರಿ. ವರ್ಷಗಟ್ಟಲೆ ದುಡಿದ ಗಾಡಿ ಹೊಗೆ ಹಾಕೋಕೆ ಶುರುಮಾಡಿತ್ತು. ಆಯಿಲ್ ಕುಡೀತಿತ್ತು. ಬೆಳಗಿನ ಜಾವದ ಚಳಿಯಲ್ಲಿ ಸ್ಟಾರ್ಟೇ ಆಗ್ತಿರಲಿಲ್ಲ. ಕೆ.ಆರ್. ಪೇಟೆಯ ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿದರು. ಬೋರ್ ಮಾಡಿಸಿ ಹೋನಿಂಗ್ ಕೊಟ್ಟು, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಬೇರಿಂಗ್ ಬದಲಾಯಿಸಿ ಕೂರಿಸಿದರು.

ಗಾಡಿ ರೆಡಿ ಆದ ದಿನ ಮೇಸ್ತ್ರಿ ಹೇಳಿದ್ದು ಕೆಲಸ ಮುಗೀತು ಅಂತಲ್ಲ, ಅರ್ಧ ಆಯ್ತು ಅಂತ. ಉಳಿದರ್ಧ ಓಡಿಸೋರ ಕೈಲಿದೆಯಂತೆ. ಮೊದಲ 500 ಕಿಲೋಮೀಟರ್ ಫುಲ್ ಲೋಡ್ ಹಾಕಬಾರದು. ಆಕ್ಸಿಲರೇಟರ್ ಪೂರ್ತಿ ಒತ್ತಬಾರದು. ದೊಡ್ಡ ಗೇರಿನಲ್ಲಿ ತಿಣುಕೋ ಹಾಗೆ ಎಳೆಸಬಾರದು. ಒಂದೇ ಸ್ಪೀಡಿನಲ್ಲಿ ಗಂಟೆಗಟ್ಟಲೆ ಓಡಿಸಬಾರದು. 500 ಆದ ತಕ್ಷಣ ಆಯಿಲ್ಲು, ಫಿಲ್ಟರು ಎರಡೂ ಬದಲಾಯಿಸಬೇಕು. ಆಮೇಲೆ ಲೋಡ್ ಸ್ವಲ್ಪ ಸ್ವಲ್ಪವೇ ಏರಿಸ್ತಾ ಹೋಗಬೇಕು. ಇಷ್ಟೂ ನನಗೆ ಸರಿ ಅನ್ನಿಸಿತು. ಇನ್ನೊಂದು ಮಾತು ಹೇಳಿದರು ನೋಡಿ, ಅದು ಮಾತ್ರ ಅನಿರೀಕ್ಷಿತ. ಹೊಸ ಎಂಜಿನ್ ಅಂತ ಮುದ್ದು ಮಾಡಿ ನಿಂತಲ್ಲೇ ಐಡಲ್‌ನಲ್ಲಿ ಬಿಡೋದೂ ತಪ್ಪಂತೆ. ಖಾಲಿ ಗಾಡಿಯನ್ನು ಆಮೆ ತರ ಓಡಿಸೋದೂ ತಪ್ಪಂತೆ. ಅರ್ಧ ಲೋಡು ಹಾಕಿ ದುಡಿಸಲೇಬೇಕು.

ಯಾಕೆ ಅಂತ ಆಮೇಲೆ ಓದಿ ನೋಡಿದೆ. ಹೋನಿಂಗ್ ಮಾಡಿದ ಸಿಲಿಂಡರ್ ಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲೆ ಒಂದನ್ನೊಂದು ಕತ್ತರಿಸೋ ಸಣ್ಣ ಸಣ್ಣ ಗೀರುಗಳಿರುತ್ತವೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತೆ. ಗೀರಿನ ಏಣುಗಳು ರಿಂಗಿಗೆ ಉಜ್ಜಿ ಉಜ್ಜಿ ಸವೆದು, ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೊಂದಿಕೊಳ್ಳೋಕೆ ರಿಂಗು ಗೋಡೆಗೆ ಗಟ್ಟಿಯಾಗಿ ಒತ್ತಬೇಕು. ಅದನ್ನು ಒತ್ತೋದು ಬರೀ ರಿಂಗಿನ ಸ್ಪ್ರಿಂಗ್ ಗುಣ ಅಲ್ಲ, ಉರಿಯೋ ಗ್ಯಾಸು ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಗೆ ತಳ್ಳುತ್ತೆ. ಲೋಡ್ ಇಲ್ಲದಿದ್ದರೆ ಆ ಒತ್ತಡ ಸಾಲೋದಿಲ್ಲ. ಏಣು ಸವೆಯೋ ಬದಲು ಆಯಿಲ್ಲೇ ಗೋಡೆಗೆ ಸುಟ್ಟು ಅಂಟಿ ಗಾಜಿನ ತರ ಮಿರುಗೋಕೆ ಶುರುವಾಗುತ್ತೆ. ಮೆಕ್ಯಾನಿಕ್‌ಗಳು ಗ್ಲೇಜ್ ಆಯ್ತು ಅನ್ನೋದು ಇದನ್ನೇ. ಮತ್ತೆ ಬಿಚ್ಚದೆ ಅದು ಸರಿಹೋಗೋದು ಕಷ್ಟ. ಇತ್ತ ಮೊದಲ ದಿನವೇ ಫುಲ್ ಲೋಡ್ ಹಾಕಿದರೆ ಉಜ್ಜಾಟದ ಬಿಸಿ ಮಿತಿಮೀರಿ ರಿಂಗೂ ಗೋಡೆಯೂ ಕೆರೆದು ಹಾಳಾಗುತ್ತವೆ, ಪಿಸ್ಟನ್ ಜಾಮ್ ಆಗೋ ಅಪಾಯವೂ ಇರುತ್ತೆ.

ಪೆಟ್ರೋಲ್ ಎಂಜಿನ್ನಿಗೂ ಇದೇ ನಿಯಮ. ಆದರೆ ಡೀಸೆಲ್‌ಗೆ ಇದು ಜೀವ ಉಳಿಸೋ ಪ್ರಶ್ನೆ. ಪೆಟ್ರೋಲ್‌ನಲ್ಲಿ ಬೆಂಕಿ ಹಚ್ಚೋಕೆ ಸ್ಪಾರ್ಕ್ ಪ್ಲಗ್ ಇದೆ. ಡೀಸೆಲ್‌ನಲ್ಲಿ ಒತ್ತಿದ ಗಾಳಿಯ ಬಿಸಿಯೇ ಬೆಂಕಿಕಡ್ಡಿ. ಗಾಳಿ ಸೋರಿದರೆ ಬಿಸಿ ಇಲ್ಲ, ಬಿಸಿ ಇಲ್ಲದಿದ್ದರೆ ಎಂಜಿನ್ನೇ ಇಲ್ಲ. ಮಾವನ ಗಾಡಿ ಚಳಿಗೆ ಸ್ಟಾರ್ಟ್ ಆಗದೆ ನಿಂತಿದ್ದಕ್ಕೂ, 1893ರ ಬೇಸಿಗೆಯಲ್ಲಿ ಆಗ್ಸ್‌ಬರ್ಗ್‌ನಲ್ಲಿ ಒತ್ತಡ ಏರದೆ ನಿಂತಿದ್ದಕ್ಕೂ ಮೂಲ ಒಂದೇ.

ಮೇಸ್ತ್ರಿ ಹೇಳಿದ ನಿಯಮ ಪಾಲಿಸೋದು ಸುಲಭ ಇರಲಿಲ್ಲ. ಗ್ಯಾರೇಜಿಗೆ ಕೊಟ್ಟ ದುಡ್ಡು ಸಾಲದ್ದು. ಗಾಡಿ ನಿಂತಿದ್ದ ದಿನಗಳ ಬಾಡಿಗೆ ಆಗಲೇ ಹೋಗಿತ್ತು. ಗಾಡಿ ಬಂದ ಮರುದಿನವೇ ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್ಟಿಗೆ ಫುಲ್ ಲೋಡ್ ಎಳನೀರು ಕೇಳಿಕೊಂಡು ಫೋನ್ ಬಂತು. ಮಾವ ಆಗಲ್ಲ ಅಂದರು. ಅದು ಬೇರೆಯವರ ಗಾಡಿಗೆ ಹೋಯ್ತು. ಮಾವ ಅರ್ಧ ಲೋಡಿನ ಬಾಡಿಗೆಗಳನ್ನೇ ಹುಡುಕಿ ಕೆ.ಆರ್. ಪೇಟೆ, ಕೆ.ಆರ್. ನಗರ ಅಂತ ಓಡಾಡಿದರು. 500 ಕಿಲೋಮೀಟರ್ ಆದ ಮೇಲೆ ಆಯಿಲ್ ಇಳಿಸಿದಾಗ ನಾನೂ ಇದ್ದೆ. ಆಯಿಲ್ ಕಪ್ಪಾಗಿತ್ತು. ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಸಣ್ಣಗೆ ಬೆಳ್ಳಿ ಪುಡಿ ತರ ಮಿನುಗ್ತಿತ್ತು. ಏಣುಗಳು ಸವೆದ ಪುಡಿ ಅದು.

ಆಲೆಮನೆಯಲ್ಲಿ ಬೆಲ್ಲದ ಪಾಕಕ್ಕೆ ಹದ ಅಂತಾರೆ, ಉಳೋ ನೆಲಕ್ಕೂ ಹದ ಅಂತಾರೆ. ಎಂಜಿನ್ನಿಗೂ ಅದೇ ಮಾತು ಒಪ್ಪುತ್ತೆ ಅಂತ ನನಗೆ ಅನ್ನಿಸಿದ್ದು ಆಗ.

1897, ಫುಲ್ ಥ್ರಾಟಲ್

ಡೀಸೆಲ್ ಕಥೆಗೆ ವಾಪಸ್ ಬರೋಣ. ಆಗ್ಸ್‌ಬರ್ಗ್‌ನ ಆ ನಾಲ್ಕು ವರ್ಷಗಳನ್ನು ಈ ಕಣ್ಣಿನಿಂದ ನೋಡಿದರೆ ಅದು ಒಂದು ಒಳ್ಳೇ ರನ್ನಿಂಗ್-ಇನ್. ಮೊದಲು ಬೆಲ್ಟಿನಲ್ಲಿ ತಿರುಗಿಸೋದು, ಆಮೇಲೆ ಒಂದು ನಿಮಿಷ, ಆಮೇಲೆ ಲೋಡ್ ಇಲ್ಲದೆ, ಆಮೇಲೆ ಲೋಡ್ ಕೊಟ್ಟು. ಪ್ರತಿ ಹಂತದಲ್ಲೂ ಏನು ಮುರೀತು, ಯಾಕೆ ಮುರೀತು ಅಂತ ಬರೆದಿಡೋದು. ಇಮಾನ್ಯುಯೆಲ್ ಲೌಸ್ಟರ್ ಅನ್ನೋ ತರುಣ ಎಂಜಿನಿಯರ್ ಈ ಕೆಲಸದಲ್ಲಿ ಅವರ ಬಲಗೈ ಆಗಿದ್ದರು.

1897ರ ಫೆಬ್ರವರಿ 17ರಂದು ಪ್ರೊಫೆಸರ್ ಮೊರಿಟ್ಜ್ ಶ್ರೋಟರ್ ಬಂದು ಹೊಸ ಎಂಜಿನ್ನನ್ನು ಅಧಿಕೃತವಾಗಿ ಪರೀಕ್ಷೆ ಮಾಡಿದರು. ನಿಮಿಷಕ್ಕೆ 154 ಸುತ್ತು, ಸುಮಾರು 18 ಹಾರ್ಸ್‌ಪವರ್, ಎಫಿಷಿಯನ್ಸಿ ನೂರಕ್ಕೆ 26.2. ಆಗಿನ ಸ್ಟೀಮ್ ಎಂಜಿನ್‌ಗಳ ಮುಂದೆ ಈ ಅಂಕಿ ಎಲ್ಲರ ಬಾಯಿ ಮುಚ್ಚಿಸಿತು. ಆ ಎಂಜಿನ್ ಈಗಲೂ ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿದೆ. ಜೂನ್‌ನಲ್ಲಿ ಕಾಸೆಲ್‌ನಲ್ಲಿ ಜರ್ಮನ್ ಎಂಜಿನಿಯರ್‌ಗಳ ಸಮ್ಮೇಳನದಲ್ಲಿ ಡೀಸೆಲ್ ಭಾಷಣ ಮಾಡಿದರು. ಅವರಿಗೆ 39 ವರ್ಷ.

ಅಲ್ಲಿಂದ ಎಲ್ಲದಕ್ಕೂ ವೇಗ ಬಂತು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕ್ ಕೊಟ್ಟು ತಮ್ಮ ದೇಶದ ಹಕ್ಕು ಕೊಂಡರು. ರಷ್ಯಾದಲ್ಲಿ ನೊಬೆಲ್ ಕುಟುಂಬ ಕೊಂಡಿತು. ಒಂದಾದ ಮೇಲೊಂದು ದೇಶದಲ್ಲಿ ಲೈಸೆನ್ಸ್ ಮಾರಾಟ ಆಯ್ತು. 1898ರಲ್ಲಿ ತಮ್ಮ ಪೇಟೆಂಟ್ ಹಕ್ಕುಗಳನ್ನೆಲ್ಲ 35 ಲಕ್ಷ ಮಾರ್ಕ್ ಬೆಲೆಗೆ ಒಂದು ಹೊಸ ಕಂಪನಿಗೆ ವಹಿಸಿದರು.

ಆದರೆ ಮಾರಿದ್ದು ಯಾವ ಎಂಜಿನ್? ಪರೀಕ್ಷೆಯಲ್ಲಿ ಪಾಸಾದದ್ದು ಒಂದು ಎಂಜಿನ್, ಅದನ್ನು ಕಟ್ಟಿದವರೇ ಪಕ್ಕದಲ್ಲಿ ನಿಂತು ನೋಡಿಕೊಳ್ತಿದ್ದ ಎಂಜಿನ್. ಗಿರಾಕಿಗಳ ಕಾರ್ಖಾನೆಗೆ ಹೋದ ಎಂಜಿನ್‌ಗಳ ಪಕ್ಕ ಅವರು ಯಾರೂ ಇರಲಿಲ್ಲ. 1898ರಲ್ಲಿ ಕೆಂಪ್ಟನ್ ಅನ್ನೋ ಊರಿನ ಬೆಂಕಿಪೊಟ್ಟಣ ಕಾರ್ಖಾನೆಗೆ ಎರಡು ಸಿಲಿಂಡರಿನ 60 ಹಾರ್ಸ್‌ಪವರ್ ಎಂಜಿನ್ ಕಳಿಸಿದರು. ಅದು ಪದೇ ಪದೇ ಕೆಟ್ಟು ಆಗ್ಸ್‌ಬರ್ಗ್‌ನಿಂದ ಜನ ಓಡಬೇಕಾಯ್ತು. ಆಗ್ಸ್‌ಬರ್ಗ್‌ನಲ್ಲೇ ಶುರುವಾದ ಹೊಸ ಡೀಸೆಲ್ ಎಂಜಿನ್ ಕಾರ್ಖಾನೆಯ ಎಂಜಿನ್‌ಗಳ ಮೇಲೂ ದೂರುಗಳೇ ಬಂದವು. ಇದೆಲ್ಲ ದೊಡ್ಡ ಮೋಸ ಅಂತ ಮಾತಾಡೋರೂ ಹುಟ್ಟಿಕೊಂಡರು. ಪೇಟೆಂಟ್ ತನ್ನದು ಅನ್ನೋರ ಜೊತೆ ಕೋರ್ಟಿನ ಜಗಳ ಬೇರೆ. ಅದೇ ವರ್ಷದ ಕೊನೆಯ ಭಾಗದಲ್ಲಿ ಡೀಸೆಲ್ ಪೂರ್ತಿ ಬಳಲಿ ಮ್ಯೂನಿಕ್ ಹತ್ತಿರದ ಆರೋಗ್ಯಧಾಮಕ್ಕೆ ಸೇರಿದರು.

ಗೆದ್ದ ವರ್ಷದ ಮರುವರ್ಷವೇ ಮನುಷ್ಯ ಮಲಗಿಬಿಟ್ಟರು. ಎಂಜಿನ್ನಿಗೆ ಹಂತ ಹಂತವಾಗಿ ಲೋಡ್ ಏರಿಸಿದವರು ತಮ್ಮ ಮೇಲೆ ಮಾತ್ರ ಎಲ್ಲವನ್ನೂ ಒಂದೇ ಸಲ ಹೇರಿಕೊಂಡಿದ್ದರು.

ಎಂಜಿನ್ನನ್ನು ಉಳಿಸಿದ್ದು ಆಗ್ಸ್‌ಬರ್ಗ್‌ನ ಹಳೇ ಕಾರ್ಖಾನೆ. ಲೌಸ್ಟರ್ ಮತ್ತವರ ಜೊತೆಯವರು ಒಂದೊಂದೇ ಭಾಗ ಹಿಡಿದು, ಇಂಧನ ಸಿಂಪಡಿಸೋ ನಾಜಲ್ಲು, ಕಂಪ್ರೆಸರ್ರು, ವಾಲ್ವು ಅಂತ ವರ್ಷಗಟ್ಟಲೆ ತಿದ್ದಿದರು. ಹೊಸ ಶತಮಾನ ಶುರುವಾದ ಮೇಲೆ ಗಿರಾಕಿಗಳಿಗೆ ನಂಬಿಕೆ ಬಂತು.

ಕಡಲೆಕಾಯಿ ಎಣ್ಣೆಯಿಂದ ಹಡಗಿನವರೆಗೆ

1900ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ಗ್ರಾಂಡ್ ಪ್ರೀ ಬಂತು. ಅಲ್ಲೇ ಫ್ರಾನ್ಸಿನ ಒಟ್ಟೋ ಕಂಪನಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿತು. ಅದು ಬೇರೆ ಎಣ್ಣೆ ಅಂತ ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ. ಸಸ್ಯದ ಎಣ್ಣೆಗೂ ಮುಂದೊಂದು ದಿನ ಬೆಲೆ ಬರುತ್ತೆ ಅನ್ನೋದು ಡೀಸೆಲ್ ಕೊನೆಗಾಲದ ನಂಬಿಕೆ. ನಮ್ಮ ರಾಜ್ಯದಲ್ಲಿ ಹೊಂಗೆ ಎಣ್ಣೆಯಿಂದ ಜೈವಿಕ ಇಂಧನ ಮಾಡೋ ಪ್ರಯತ್ನಗಳನ್ನು ನೋಡಿದ್ದರೆ ಅವರಿಗೆ ಖಂಡಿತ ಖುಷಿ ಆಗ್ತಿತ್ತು.

ಅವರ ಇನ್ನೊಂದು ಮುಖ ಹೆಚ್ಚು ಜನಕ್ಕೆ ಗೊತ್ತಿಲ್ಲ. ದೊಡ್ಡ ಕಾರ್ಖಾನೆಗಳು ಸಣ್ಣ ಕಸುಬಿನವರನ್ನು ನುಂಗಿ ಹಾಕ್ತಿವೆ, ಸಣ್ಣ ಬೆಲೆಯ ಒಳ್ಳೇ ಎಂಜಿನ್ ಇದ್ದರೆ ಕುಶಲಕರ್ಮಿ ತನ್ನ ಮನೆಯಲ್ಲೇ ಬದುಕಬಹುದು ಅನ್ನೋದು ಅವರ ಮೊದಲಿನ ಕನಸು. 1903ರಲ್ಲಿ ಕೆಲಸಗಾರರೆಲ್ಲ ಸೇರಿ ಹಣ ಹಾಕಿ ತಮ್ಮ ಕಾರ್ಖಾನೆ ತಾವೇ ನಡೆಸೋದರ ಬಗ್ಗೆ ಸಾಲಿಡಾರಿಸ್ಮುಸ್ ಅನ್ನೋ ಪುಸ್ತಕ ಬರೆದರು. ಹತ್ತು ಸಾವಿರ ಪ್ರತಿ ಅಚ್ಚಾಯ್ತು. ಮಾರಾಟವಾಗಿದ್ದು ಕೆಲವೇ ನೂರು. ಎಂಜಿನ್ನಿಗಿಂತ ಇದೇ ತಮ್ಮ ದೊಡ್ಡ ಕೆಲಸ ಅಂತ ಅವರು ಅಂದುಕೊಂಡಿದ್ದರು.

ದುಡ್ಡಿನ ಕಡೆ ಪರಿಸ್ಥಿತಿ ಕೆಡ್ತಾ ಹೋಯ್ತು. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ್ದರು. ಜಮೀನಿಗೂ ಎಣ್ಣೆ ಬಾವಿಗಳಿಗೂ ಹಾಕಿದ ಹಣ ಮುಳುಗಿತು. ಷೇರುಗಳು ಬಿದ್ದವು. ಮೂಲ ಪೇಟೆಂಟ್‌ಗಳ ಅವಧಿಯೂ ಮುಗೀತು. ಅದೇ ಹೊತ್ತಿಗೆ ಎಂಜಿನ್ ಮಾತ್ರ ಮೇಲೆ ಮೇಲೆ ಹೋಗ್ತಿತ್ತು. 1912ರಲ್ಲಿ ಡೆನ್ಮಾರ್ಕ್‌ನಲ್ಲಿ ಕಟ್ಟಿದ ಸೆಲಾಂಡಿಯಾ ಅನ್ನೋ ಹಡಗು ಡೀಸೆಲ್ ಎಂಜಿನ್‌ನಲ್ಲಿ ಕೋಪನ್‌ಹೇಗನ್‌ನಿಂದ ಬ್ಯಾಂಕಾಕ್‌ವರೆಗೆ ಹೋಯ್ತು. ಅದೇ ವರ್ಷ ಡೀಸೆಲ್ ಅಮೆರಿಕಕ್ಕೆ ಹೋದಾಗ ಎಲ್ಲೆಲ್ಲೂ ಸನ್ಮಾನ. ಒಳಗೆ ಎಷ್ಟು ಸಾಲ ಇದೆ ಅನ್ನೋದು ಹೊರಗಿನವರಿಗಿರಲಿ, ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಡ್ರೆಸ್ಡೆನ್ ಹಡಗಿನ ರಾತ್ರಿ

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಅನ್ನೋ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಡೀಸೆಲ್ ಕಂಪನಿಯೊಂದರ ಕಾರ್ಯಕ್ರಮ ಇತ್ತು. ಜೊತೆಗೆ ಇಬ್ಬರು ಸಹೋದ್ಯೋಗಿಗಳು. ಮೂವರೂ ಊಟ ಮಾಡಿದರು, ಡೆಕ್ ಮೇಲೆ ಅಡ್ಡಾಡಿದರು. ರಾತ್ರಿ ಹತ್ತರ ಹೊತ್ತಿಗೆ ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಿ ಅಂತ ಹೇಳಿ ಡೀಸೆಲ್ ತಮ್ಮ ಕ್ಯಾಬಿನ್ನಿಗೆ ಹೋದರು. ಬೆಳಿಗ್ಗೆ ಕ್ಯಾಬಿನ್ ಖಾಲಿ. ಹಾಸಿಗೆಯಲ್ಲಿ ಯಾರೂ ಮಲಗಿರಲಿಲ್ಲ. ಡೆಕ್ಕಿನ ಹಿಂಭಾಗದ ಕಂಬಿಯ ಹತ್ತಿರ ಅವರ ಹ್ಯಾಟು, ಮಡಿಚಿಟ್ಟ ಕೋಟು ಸಿಕ್ಕಿದವು.

ಹತ್ತು ದಿನದ ಮೇಲೆ ಒಂದು ಡಚ್ ದೋಣಿಯವರಿಗೆ ಸಮುದ್ರದಲ್ಲಿ ಶವವೊಂದು ಕಂಡಿತು. ಜೇಬಿನಲ್ಲಿದ್ದ ಸಣ್ಣಪುಟ್ಟ ಸಾಮಾನು ತಗೊಂಡು ಶವವನ್ನು ನೀರಿಗೇ ಬಿಟ್ಟರು. ಮಗ ಯೂಜೆನ್ ಆ ಸಾಮಾನು ನೋಡಿ ಅಪ್ಪನವೇ ಅಂತ ಗುರುತಿಸಿದರು. ಡೈರಿಯಲ್ಲಿ ಸೆಪ್ಟೆಂಬರ್ 29ರ ಪುಟದಲ್ಲಿ ಒಂದು ಶಿಲುಬೆ ಗುರುತು ಇತ್ತು. ಹೊರಡೋ ಮೊದಲು ಹೆಂಡತಿಗೆ ಕೊಟ್ಟು ಹೋಗಿದ್ದ ಚೀಲದಲ್ಲಿ ನಗದು ಹಣ, ಜೊತೆಗೆ ಬ್ಯಾಂಕಿನಲ್ಲಿ ಏನೂ ಉಳಿದಿಲ್ಲ ಅಂತ ತೋರಿಸೋ ಕಾಗದಗಳು.

ಕೊಲೆ ಅನ್ನೋ ಕಥೆಗಳು ಆಗಿನಿಂದಲೂ ಇವೆ, ಆಕಸ್ಮಿಕ ಅನ್ನೋರೂ ಇದ್ದಾರೆ. ತಾವೇ ಜೀವ ಕಳೆದುಕೊಂಡರು ಅನ್ನೋದು ಹೆಚ್ಚಿನವರು ಒಪ್ಪೋ ಮಾತು. ನನಗೆ ಇದರಲ್ಲಿ ಕಾಡೋದು ಪತ್ತೇದಾರಿಕೆಯ ಪ್ರಶ್ನೆ ಅಲ್ಲ. ಆಗ್ಸ್‌ಬರ್ಗ್‌ನಲ್ಲಿ ಒಂದು ರಿಂಗ್ ಸೋರಿದರೂ ನಾಲ್ಕು ಜನ ಸುತ್ತ ನಿಂತು ನೋಡ್ತಿದ್ದರು, ಬರೆದಿಡ್ತಿದ್ದರು, ಸರಿಮಾಡ್ತಿದ್ದರು. ಆ ಮನುಷ್ಯನ ಸಾಲ, ನಿದ್ದೆಗೆಟ್ಟ ರಾತ್ರಿಗಳು, ತಲೆನೋವು ಇವನ್ನು ಹಾಗೆ ಸುತ್ತ ನಿಂತು ನೋಡೋಕೆ ಯಾರಿಗೂ ಅವರು ಅವಕಾಶವೇ ಕೊಡಲಿಲ್ಲ. ನಮ್ಮ ಹಾಸ್ಟೆಲ್‌ಗಳಲ್ಲೂ ಬ್ಯಾಕ್‌ಲಾಗ್ ಎಷ್ಟಿದೆ, ಮನೆಯ ಲೋನ್ ಎಷ್ಟಿದೆ ಅಂತ ರೂಮ್‌ಮೇಟ್‌ಗೂ ಹೇಳದೆ ನಗ್ತಾ ಓಡಾಡೋರಿದ್ದಾರೆ. ಹೊಗೆ ಕಂಡಾಗ ಗಾಡಿಯನ್ನು ಮೇಸ್ತ್ರಿ ಹತ್ತಿರ ಒಯ್ಯೋದು ನಾಚಿಕೆ ಅಲ್ಲ. ಇದೂ ಅಲ್ಲ. ನಿಮ್ಮ ಪಕ್ಕದ ಬೆಡ್ಡಿನವರು ಸುಮ್ಮನಾಗಿದ್ದರೆ ಒಂದು ಸಲ ಕೇಳಿ.

ಆಮೇಲೆ

ಡೀಸೆಲ್ ಬದುಕಿದ್ದಾಗ ಅವರ ಎಂಜಿನ್ ಹೆಚ್ಚಾಗಿ ಕಾರ್ಖಾನೆ ಮತ್ತು ಹಡಗುಗಳ ಸೊತ್ತು. ಇಂಧನ ಸಿಂಪಡಿಸೋಕೆ ದೊಡ್ಡ ಏರ್ ಕಂಪ್ರೆಸರ್ ಬೇಕಿತ್ತು, ಅದನ್ನು ಗಾಡಿಯಲ್ಲಿ ಹೊರೋಕಾಗ್ತಿರಲಿಲ್ಲ. ರಸ್ತೆಗೆ ಇಳಿಯೋ ಹಾಗೆ ಮಾಡೋಕೆ ಅವರು ಪ್ರಯತ್ನ ಪಟ್ಟರೂ ಅದು ಮಾರುಕಟ್ಟೆ ಮುಟ್ಟಲಿಲ್ಲ. ಕಂಪ್ರೆಸರ್ ಇಲ್ಲದ ಇಂಜೆಕ್ಷನ್ ಬಂದ ಮೇಲೆ 1920ರ ದಶಕದಲ್ಲಿ ಡೀಸೆಲ್ ಲಾರಿಗಳು ಹೊರಟವು. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರುಮಾಡಿತು.

ನಮ್ಮ ದೇಶಕ್ಕೂ ಅದೇ ದಾರಿಯಲ್ಲಿ ಬಂತು. ಆಗ್ಸ್‌ಬರ್ಗ್ ಕಾರ್ಖಾನೆ ಮುಂದೆ ಎಂ.ಎ.ಎನ್. ಕಂಪನಿಯ ಭಾಗ ಆಯ್ತು. ಅವರ ಲೈಸೆನ್ಸಿನಲ್ಲಿ 1950ರ ದಶಕದ ಕೊನೆಯಲ್ಲಿ ಜಬಲ್‌ಪುರದಲ್ಲಿ ತಯಾರಾಗೋಕೆ ಶುರುವಾದದ್ದೇ ನಮ್ಮ ಸೈನ್ಯದ ಶಕ್ತಿಮಾನ್ ಲಾರಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮ ಸಮೂಹದಿಂದ 1946ರಲ್ಲಿ ಆಯಿಲ್ ಎಂಜಿನ್ ಕಂಪನಿ ಹುಟ್ಟಿ, ಅದರ ಎಂಜಿನ್‌ಗಳು ಹೊಲಗಳಿಗೆ ನೀರೆತ್ತಿದವು. ಅಕ್ಕಿಹೆಬ್ಬಾಳಿನ ಸ್ಟೇಷನ್ ಮೂಲಕ ದಶಕಗಳ ಕಾಲ ಡೀಸೆಲ್ ಲೋಕೋಗಳು ಹಾದುಹೋದವು. ಸಣ್ಣ ಕಸುಬಿನವನ ಕೈಗೆ ಸ್ವಂತ ಎಂಜಿನ್ ಕೊಡಬೇಕು ಅನ್ನೋ ಅವರ ಹಳೇ ಕನಸು ಒಂದು ಪಂಪ್‌ಸೆಟ್ಟಿನಲ್ಲಿ, ಒಂದು ಹಿಟ್ಟಿನ ಗಿರಣಿಯಲ್ಲಿ, ಒಬ್ಬರೇ ಮಾಲೀಕ ಒಬ್ಬರೇ ಡ್ರೈವರ್ ಆಗಿರೋ ಪಿಕಪ್‌ಗಳಲ್ಲಿ ಸ್ವಲ್ಪಮಟ್ಟಿಗೆ ನಿಜ ಆಗಿದೆ.

1924ರಲ್ಲಿ ಎಂ.ಎ.ಎನ್. ಕಂಪನಿ ತನ್ನ ಮೊದಲ ಡೀಸೆಲ್ ಲಾರಿಯನ್ನು ತೋರಿಸಿತು. ಮೂವತ್ತು ವರ್ಷದ ಹಿಂದೆ ಅವರದೇ ಆಗ್ಸ್‌ಬರ್ಗ್ ಶೆಡ್ಡಿನಲ್ಲಿ ಒಂದು ಎಂಜಿನ್ ಒಂದು ನಿಮಿಷ ಓಡಿತ್ತು. ಡೀಸೆಲ್ ಬದುಕಿದ್ದರೆ ಅವರಿಗೆ ಆಗ 66 ವರ್ಷ ಆಗಿರ್ತಿತ್ತು, ಆ ಲಾರಿ ಹತ್ತಿ ಕೂರೋಕೆ ಅದೇನೂ ದೊಡ್ಡ ವಯಸ್ಸಲ್ಲ.